ಜಲಪಾತ ಇದ್ದೂ ಕಾರ್ಖಾನೆ ಹೋದ ಊರು: ಶಾವಿನಿಗನ್ ಪ್ರಕರಣ

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸೇಂಟ್ ಮಾರಿಸ್ ನದಿಯ ದಂಡೆಯಲ್ಲಿ ಶಾವಿನಿಗನ್ ಎಂಬ ಊರಿದೆ. ಜನ ಸುಮಾರು 50 ಸಾವಿರ. ನೂರರಲ್ಲಿ 95ಕ್ಕೂ ಹೆಚ್ಚು ಮಂದಿಯದು ಫ್ರೆಂಚ್ ಮನೆಮಾತು. ಕೆನಡಾದ ಮೊದಲ ಅಲ್ಯೂಮಿನಿಯಂ ತಯಾರಾದದ್ದು ಇಲ್ಲಿ. ಒಂದು ಕಾಲಕ್ಕೆ ಕಾಗದ, ಬಟ್ಟೆ, ಕಾರ್ಬೈಡ್ ಎಂಬ ರಾಸಾಯನಿಕ, ಸೆಲ್ಲೊಫೇನ್ ಎಂಬ ತೆಳು ಪಾರದರ್ಶಕ ಹಾಳೆ ಎಲ್ಲವೂ ಇದೊಂದೇ ಊರಿಂದ ಹೋಗುತ್ತಿದ್ದವು. ಆಮೇಲೆ ಒಂದೊಂದಾಗಿ ಬಾಗಿಲು ಹಾಕಿದವು.

ಈ ಊರನ್ನು ಪ್ರಕರಣವಾಗಿ ಆರಿಸಿಕೊಳ್ಳಲು ಕಾರಣವಿದೆ. ಗಣಿ ಊರು ಸತ್ತರೆ ಅದಿರು ಮುಗಿಯಿತು ಅನ್ನಬಹುದು. ಮೀನಿನ ಊರು ಸತ್ತರೆ ಮೀನು ಖಾಲಿಯಾಯಿತು ಅನ್ನಬಹುದು. ಇಲ್ಲಿ ಏನೂ ಮುಗಿಯಲಿಲ್ಲ. ನದಿ ಹರಿಯುತ್ತಲೇ ಇದೆ, ವಿದ್ಯುತ್ ಕೇಂದ್ರಗಳು ಇವತ್ತಿಗೂ ಓಡುತ್ತಿವೆ. ಆದರೂ ಅದೇ ಕರೆಂಟನ್ನು ನಂಬಿ ಬಂದ ಕಾರ್ಖಾನೆಗಳು ಹೋದವು. ಇದು ಹೇಗೆ ಅನ್ನೋದೇ ಪ್ರಶ್ನೆ.

ಕಂಪನಿಗಳ, ಊರುಗಳ ಹೆಸರುಗಳನ್ನು ಹಾಗೇ ಇಟ್ಟಿದ್ದೇನೆ. ಅವು ಸಾರ್ವಜನಿಕ ಇತಿಹಾಸ. ನಗರಸಭೆಯವರು, ಕಾರ್ಮಿಕರು, ಸಣ್ಣ ಉದ್ಯಮ ನಡೆಸುವವರ ಹೆಸರು ಬಿಟ್ಟಿದ್ದೇನೆ. ಯಾರು ಅನ್ನೋದಕ್ಕಿಂತ ಯಾವಾಗ ಏನು ತೀರ್ಮಾನ ಮಾಡಿದರು ಅನ್ನೋದು ಇಲ್ಲಿ ಮುಖ್ಯ.

ಹಿನ್ನೆಲೆ

ಸೇಂಟ್ ಮಾರಿಸ್ ಉತ್ತರದ ಕಾಡುಗಳಲ್ಲಿ ಹುಟ್ಟಿ, 500 ಕಿಲೋಮೀಟರಿಗೂ ಹೆಚ್ಚು ಹರಿದು, ತ್ರ್ವಾ-ರಿವಿಯೇರ್ ನಗರದ ಹತ್ತಿರ ಸೇಂಟ್ ಲಾರೆನ್ಸ್ ನದಿಗೆ ಸೇರುತ್ತದೆ. ಅದರ ಮೇಲ್ಭಾಗ ಅಟಿಕಾಮೆಕ್ ಮೂಲನಿವಾಸಿಗಳ ನಾಡು. 19ನೇ ಶತಮಾನದಲ್ಲಿ ಬಂದ ಮರದ ವ್ಯಾಪಾರಿಗಳು ದಿಮ್ಮಿಗಳನ್ನು ನೀರಿಗೆ ಬಿಟ್ಟು ಕೆಳಗೆ ಸಾಗಿಸುತ್ತಿದ್ದರು. ಅವರಿಗೆ ಶಾವಿನಿಗನ್ ಜಲಪಾತ ಬರೀ ಅಡ್ಡಿ. ಸುಮಾರು 50 ಮೀಟರ್ ಎತ್ತರದಿಂದ ಬೀಳುವ ನೀರಿನಲ್ಲಿ ದಿಮ್ಮಿ ಪುಡಿಯಾಗದಂತೆ ಪಕ್ಕದಲ್ಲಿ ಜಾರುದಾರಿ ಕಟ್ಟಿಕೊಂಡಿದ್ದರು. ಊರು ಅಂತ ಅಲ್ಲಿ ಏನೂ ಇರಲಿಲ್ಲ.

1897ರಲ್ಲಿ ಕ್ವಿಬೆಕ್ ಸರಕಾರ ಜಲಪಾತದ ಹಕ್ಕನ್ನು ಮಾರಿತು. 1898ರಲ್ಲಿ ಅಮೆರಿಕದ ಬಂಡವಾಳದ ಬೆನ್ನಿನಿಂದ ಶಾವಿನಿಗನ್ ವಾಟರ್ ಆ್ಯಂಡ್ ಪವರ್ ಕಂಪನಿ ಹುಟ್ಟಿತು. ಕಂಪನಿಗೆ ಆಗ ಇದ್ದ ಲೆಕ್ಕ ಸರಳ. ಕರೆಂಟನ್ನು ದೂರ ಒಯ್ಯುವುದು ಆಗ ಕಷ್ಟ, ದುಬಾರಿ. ಹಾಗಾದರೆ ಕರೆಂಟು ಬೇಕಾದವರನ್ನೇ ಜಲಪಾತದ ಬುಡಕ್ಕೆ ಕರೆಸಬೇಕು. ಅಮೆರಿಕದ ಪಿಟ್ಸ್‌ಬರ್ಗ್‌ನ ಅಲ್ಯೂಮಿನಿಯಂ ಕಂಪನಿಯೊಂದು ಬಂದಿತು. 1901ರಲ್ಲಿ ಕೆನಡಾದ ಮೊದಲ ಅಲ್ಯೂಮಿನಿಯಂ ಎರಕ ಹೊಯ್ದಿತು, ಮರುವರ್ಷ ನಾರ್ದರ್ನ್ ಅಲ್ಯೂಮಿನಿಯಂ ಅಂತ ಇಲ್ಲಿ ಬೇರೆ ಕಂಪನಿ ಮಾಡಿತು. ಮುಂದೆ ಆಲ್ಕನ್ ಅಂತ ಹೆಸರಾದದ್ದು ಇದೇ. ಬೆಲ್ಜಿಯಂ ಹಣದ ಬೆಲ್ಗೊ ತಿರುಳು-ಕಾಗದದ ಗಿರಣಿ ಬಂತು. ಕಾರ್ಬೈಡ್ ಕಾರ್ಖಾನೆ ಬಂತು. ವಬಾಸೊ ಹತ್ತಿಗಿರಣಿ ಬಂತು.

ಊರಿನ ನಕ್ಷೆಯನ್ನೂ ಕಂಪನಿಯೇ ಬರೆಸಿತು. ಮಾಂಟ್ರಿಯಲ್‌ನ ಒಂದು ಎಂಜಿನಿಯರಿಂಗ್ ಸಂಸ್ಥೆ 1899ರಲ್ಲಿ ಚೌಕಚೌಕವಾಗಿ ಬೀದಿ ಎಳೆದುಕೊಟ್ಟಿತು. ಬೀದಿಗಳಿಗೆ ಒಂದು, ಎರಡು, ಮೂರು ಅಂತ ಅಂಕಿಗಳೇ ಹೆಸರು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಕ್ವಿಬೆಕ್‌ನ ಹಳೆಯ ಫ್ರೆಂಚ್ ಹಳ್ಳಿ ಬೆಳೆಯುತ್ತಿದ್ದದ್ದೇ ಬೇರೆ ರೀತಿ. ಮೊದಲು ಚರ್ಚು, ಅದರ ಸುತ್ತ ಮನೆ, ಅಲ್ಲಿಂದ ನದಿಗೆ ಇಳಿಯುವ ಉದ್ದುದ್ದ ಹೊಲದ ಪಟ್ಟಿಗಳು. ಇಲ್ಲಿ ಮೊದಲು ಟರ್ಬೈನ್, ಆಮೇಲೆ ಕಾರ್ಖಾನೆ, ಆಮೇಲೆ ಬೀದಿ. ಚರ್ಚು ಕೂಡ ಬಂತು, ಚೆನ್ನಾಗೇ ಬಂತು, ಆದರೆ ಕಂಪನಿ ಬಿಟ್ಟ ಜಾಗದಲ್ಲಿ.

ಜನ ಎಲ್ಲಿಂದ ಬಂದರು? ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಫ್ರೆಂಚ್ ಕ್ಯಾಥೊಲಿಕ್ ರೈತ ಕುಟುಂಬಗಳವರು. ಹೊಲ ಚಿಕ್ಕದು, ಮಕ್ಕಳು ಜಾಸ್ತಿ. ಅದೇ ಕಾಲದಲ್ಲಿ ಕ್ವಿಬೆಕ್‌ನಿಂದ ಲಕ್ಷಾಂತರ ಜನ ಅಮೆರಿಕದ ಬಟ್ಟೆಗಿರಣಿಗಳಿಗೆ ಗುಳೆ ಹೋಗುತ್ತಿದ್ದರು. ಶಾವಿನಿಗನ್ ಅವರಲ್ಲಿ ಒಂದಷ್ಟು ಜನರನ್ನು ತಡೆದು ನಿಲ್ಲಿಸಿತು. ಹೊಲ ಬಿಟ್ಟರೂ ಭಾಷೆ, ಧರ್ಮ, ನೆಂಟರು ಬಿಡಬೇಕಾಗಿರಲಿಲ್ಲ. ಇದೇನು ಸಣ್ಣ ಲಾಭವಲ್ಲ. ಆದರೆ ಕಾರ್ಖಾನೆಯೊಳಗೆ ಮೇಲಿನವರ ಮಾತು ಇಂಗ್ಲಿಷ್. ಎಂಜಿನಿಯರು, ಮ್ಯಾನೇಜರು, ರಸಾಯನತಜ್ಞರು ಹೆಚ್ಚಾಗಿ ಇಂಗ್ಲಿಷಿನವರು ಇಲ್ಲವೇ ಅಮೆರಿಕನ್ನರು. ಅವರ ಬೀದಿ ಬೇರೆ, ಶಾಲೆ ಬೇರೆ, ಚರ್ಚು ಬೇರೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಮಾತಾಡುವ ಭಾಷೆಯಲ್ಲಿ ಬಡ್ತಿ ಸಿಗದ ಊರು ಅದು.

ಆ ಮನೆಗಳ ಸ್ವಭಾವ ತಿಳಿಯಲು ಎಲ್ಲರಿಗೂ ಗೊತ್ತಿರುವ ಎರಡು ಹೆಸರು ಸಾಕು. ಕೆನಡಾದ ಪ್ರಧಾನಿಯಾಗಿ 1993ರಿಂದ 2003ರವರೆಗೆ ಇದ್ದ ಜಾನ್ ಕ್ರೆಟಿಯನ್ ಇಲ್ಲಿಯವರು. 19 ಮಕ್ಕಳಲ್ಲಿ 18ನೆಯವರು. ಅಪ್ಪ ಬೆಲ್ಗೊ ಕಾಗದದ ಗಿರಣಿಯಲ್ಲಿ ಮೆಷಿನಿಸ್ಟ್. ಐಸ್ ಹಾಕಿ ಆಟದಲ್ಲಿ ಗೋಲ್‌ಕೀಪರುಗಳು ಮುಖವಾಡ ಹಾಕುವ ರೂಢಿಯನ್ನು 1959ರಲ್ಲಿ ಗಟ್ಟಿ ಮಾಡಿದ ಜಾಕ್ ಪ್ಲಾಂಟ್ ಬೆಳೆದದ್ದೂ ಇಲ್ಲೇ, 11 ಮಕ್ಕಳ ಮನೆಯಲ್ಲಿ. ಉಣ್ಣೆ ಟೋಪಿ ಕೊಳ್ಳಲು ದುಡ್ಡಿಲ್ಲದೆ ತಾವೇ ಹೆಣೆಯಲು ಕಲಿತವರು. ಮುಂದೆ ದೊಡ್ಡ ಆಟಗಾರರಾದ ಮೇಲೂ ಹೆಣೆಯುತ್ತಲೇ ಇದ್ದರು.

ಇನ್ನೊಂದನ್ನೂ ಹೇಳಲೇಬೇಕು. ನದಿಯ ಆಚೆ ದಡದ ಒಂದು ಚರ್ಚಿನ ಗೋಡೆಗಳಿಗೆ ಹಿರಿಯ ಚಿತ್ರಕಾರ ಓಝಿಯಾಸ್ ಲೆಡ್ಯುಕ್ 1942ರಿಂದ 1955ರಲ್ಲಿ ಸಾಯುವ ತನಕ ಚಿತ್ರ ಬರೆದರು. ಬೈಬಲ್ ಕಥೆಗಳ ಜೊತೆಗೆ ಮರ ಕಡಿಯುವವರನ್ನೂ ಬೀಜ ಬಿತ್ತುವವರನ್ನೂ ಲೋಹ ಕರಗಿಸುವವರನ್ನೂ ಗೋಡೆ ಮೇಲೆ ತಂದರು. ಭಾನುವಾರ ಪ್ರಾರ್ಥನೆಗೆ ಬಂದವರು ತಮ್ಮ ದುಡಿಮೆಯನ್ನು ಸಂತರ ಪಕ್ಕದಲ್ಲೇ ನೋಡುತ್ತಿದ್ದರು.

ಸಮಸ್ಯೆ ಹುಟ್ಟಿದ್ದು ಎಲ್ಲಿ

ಊರಿನ ಕುಸಿತ ಅಂದರೆ ಸಾಮಾನ್ಯವಾಗಿ 1960ರಿಂದ ಲೆಕ್ಕ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದರ ಬೀಜ 1903ರಲ್ಲೇ ಇದೆ, ಅಂದರೆ ಊರಿಗೆ ಇನ್ನೂ ಐದು ವರ್ಷ ತುಂಬುವ ಮೊದಲೇ.

ಆ ವರ್ಷ ಕಂಪನಿ ಮಾಂಟ್ರಿಯಲ್‌ಗೆ ವಿದ್ಯುತ್ ತಂತಿ ಎಳೆಯಿತು. ಸುಮಾರು 135 ಕಿಲೋಮೀಟರ್ ದೂರ, 50,000 ವೋಲ್ಟ್. ಆ ಕಾಲಕ್ಕೆ ದೊಡ್ಡ ಸಾಹಸ. ತಂತಿ ಕೂಡ ಅಲ್ಯೂಮಿನಿಯಂದೇ. ಕಂಪನಿಯ ಕಡೆಯಿಂದ ನೋಡಿದರೆ ಬುದ್ಧಿವಂತ ಹೆಜ್ಜೆ. ಒಂದು ಸಣ್ಣ ಊರಿನ ನಾಲ್ಕು ಗಿರಾಕಿಗಳ ಬದಲು ಇಡೀ ಮಹಾನಗರವೇ ಗಿರಾಕಿ. ಆದರೆ ಊರಿನ ಕಡೆಯಿಂದ ನೋಡಿ. ಕಾರ್ಖಾನೆಗಳು ಈ ಕಾಡಿನ ಮೂಲೆಗೆ ಬಂದದ್ದೇ ಕರೆಂಟು ಬೇರೆಡೆ ಹೋಗುವುದಿಲ್ಲ ಅಂತ. ಈಗ ಅದು ಹೋಗುತ್ತದೆ. ಹಾಗಾದರೆ ಮುಂದಿನ ಕಾರ್ಖಾನೆ ಬಂದರಿನ ಪಕ್ಕ, ಮಾರುಕಟ್ಟೆಯ ಪಕ್ಕ ಯಾಕೆ ಕೂರಬಾರದು?

ಈ ಪ್ರಶ್ನೆಯನ್ನು ಆಗ ಊರಲ್ಲಿ ಕೇಳುವ ಅಗತ್ಯವೇ ಕಾಣಲಿಲ್ಲ. ದೂರಕ್ಕೆ ಒಯ್ದರೆ ತಂತಿಯಲ್ಲಿ ಒಂದಿಷ್ಟು ಸೋರುತ್ತದೆ, ಖರ್ಚೂ ಬೀಳುತ್ತದೆ. ಹಾಗಾಗಿ ಬುಡದಲ್ಲಿ ಕೊಳ್ಳುವವರಿಗೆ ಲಾಭ ಉಳಿದೇ ಇತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಸ್ಫೋಟಕ ತಯಾರಿಸಲು ಅಸಿಟೋನ್ ಬೇಕಾಯಿತು. ಶಾವಿನಿಗನ್‌ನವರು ಕಾರ್ಬೈಡ್‌ನಿಂದ ಅಸಿಟಲೀನ್, ಅಲ್ಲಿಂದ ಅಸಿಟೋನ್ ತೆಗೆದರು. ಅಲ್ಲಿಂದ ಒಂದು ಪೂರಾ ರಾಸಾಯನಿಕ ಉದ್ಯಮವೇ ಎದ್ದಿತು, ಜೊತೆಗೆ ಸಂಶೋಧನಾ ಪ್ರಯೋಗಾಲಯವೂ. 1930ರ ದಶಕದಲ್ಲಿ ಸೆಲ್ಲೊಫೇನ್ ಬಂತು. 1961ರ ಜನಗಣತಿ ಹೊತ್ತಿಗೆ ಜನಸಂಖ್ಯೆ 32 ಸಾವಿರ ದಾಟಿತ್ತು. ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ 1903ರ ತಂತಿ ಯಾರಿಗೆ ನೆನಪಾಗಬೇಕು?

ಈ ಬೆಳವಣಿಗೆಯ ಬೆಲೆ ಬೇರೆ ಯಾರೋ ಕಟ್ಟಿದರು ಅನ್ನೋದನ್ನು ಮರೆಯಬಾರದು. ವರ್ಷವಿಡೀ ನೀರು ಸಮನಾಗಿ ಬರಲಿ ಅಂತ ನದಿಯ ಮೇಲ್ಭಾಗದಲ್ಲಿ ದೊಡ್ಡ ಅಣೆಕಟ್ಟು ಕಟ್ಟಿದರು. 1918ರ ಹೊತ್ತಿಗೆ ಗ್ವಾಂ ಜಲಾಶಯ ತುಂಬಿತು. ಒಬೆಜಿವಾನ್‌ನ ಅಟಿಕಾಮೆಕ್ ಜನರ ನೆಲ ಮುಳುಗಿತು. ಶಾವಿನಿಗನ್‌ನ ಸಮೃದ್ಧಿಯ ಕಥೆ ಹೇಳುವವರು ಈ ಪುಟವನ್ನು ಬೇಗ ತಿರುಗಿಸಿಬಿಡುತ್ತಾರೆ.

ತಿರುವು

1950ರ ದಶಕದಲ್ಲಿ ರಾಸಾಯನಿಕ ಉದ್ಯಮದ ಬುನಾದಿಯೇ ಬದಲಾಯಿತು. ಕಾರ್ಬೈಡ್ ಮಾಡಲು ಕರೆಂಟು ವಿಪರೀತ ಬೇಕು. ಕಾರ್ಬೈಡ್‌ನಿಂದ ತೆಗೆಯುತ್ತಿದ್ದ ಪದಾರ್ಥಗಳನ್ನೇ ಪೆಟ್ರೋಲಿಯಂನಿಂದ ಅಗ್ಗವಾಗಿ ತೆಗೆಯಬಹುದು ಅಂತ ಆಯಿತು. ಇನ್ನು ಬೇಕಾದದ್ದು ಜಲಪಾತ ಅಲ್ಲ, ತೈಲ ಶುದ್ಧೀಕರಣ ಘಟಕ. ಅದು ಇದ್ದದ್ದು ಮಾಂಟ್ರಿಯಲ್‌ನ ಪೂರ್ವಭಾಗದಲ್ಲಿ, ಒಂಟಾರಿಯೊದ ಸಾರ್ನಿಯಾದಲ್ಲಿ. ಸೆಲ್ಲೊಫೇನ್ ಜಾಗಕ್ಕೂ ಪ್ಲಾಸ್ಟಿಕ್ ಬಂತು.

ಅದರ ಬೆನ್ನಿಗೇ ರಾಜಕೀಯ ತಿರುವು. 1962ರ ಚುನಾವಣೆಯನ್ನು ಕ್ವಿಬೆಕ್‌ನ ಲಿಬರಲ್ ಪಕ್ಷ ವಿದ್ಯುತ್ ರಾಷ್ಟ್ರೀಕರಣದ ಮೇಲೆಯೇ ಎದುರಿಸಿತು. ನಮ್ಮ ಮನೆಗೆ ನಾವೇ ಯಜಮಾನರು ಅನ್ನೋದು ಅವರ ಘೋಷಣೆ. ಸಂಪನ್ಮೂಲ ಸಚಿವ ರೆನೆ ಲೆವೆಕ್ ಇದರ ಮುಖ. ಗೆದ್ದರು. 1963ರ ಮೇ 1ರಿಂದ ಶಾವಿನಿಗನ್ ಕಂಪನಿ ಸೇರಿ 11 ಖಾಸಗಿ ಕಂಪನಿಗಳು ಪ್ರಾಂತ್ಯ ಸರಕಾರದ ವಿದ್ಯುತ್ ಸಂಸ್ಥೆ ಹೈಡ್ರೊ-ಕ್ವಿಬೆಕ್‌ನ ಪಾಲಾದವು. ಒಟ್ಟು ಸುಮಾರು 60 ಕೋಟಿ ಡಾಲರ್ ವ್ಯವಹಾರ. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಶಾವಿನಿಗನ್ ಕಂಪನಿಯೇ.

ಕ್ವಿಬೆಕ್‌ನ ಫ್ರೆಂಚ್ ಮಾತಿನವರಿಗೆ ಇದು ಹೆಮ್ಮೆಯ ಗಳಿಗೆ, ಸಂದೇಹವೇ ಇಲ್ಲ. ತಮ್ಮ ಭಾಷೆಯಲ್ಲಿ ಎಂಜಿನಿಯರ್ ಆಗಿ ಮೇಲೇರುವ ದಾರಿ ಮೊದಲ ಸಲ ಅಗಲವಾಗಿ ತೆರೆಯಿತು. ಜೊತೆಗೆ ಪ್ರಾಂತ್ಯದ ಎಲ್ಲೆಡೆ ದರ ಒಂದೇ ಮಾಡುವುದೂ ರಾಷ್ಟ್ರೀಕರಣದ ಗುರಿಯಾಗಿತ್ತು. ದೂರದ ಹಳ್ಳಿಯವರು ದುಪ್ಪಟ್ಟು ದುಡ್ಡು ಕೊಡುವುದು ಅನ್ಯಾಯ, ಅಲ್ವಾ? ನಿಜ. ಆದರೆ ದರ ಎಲ್ಲೆಡೆ ಒಂದೇ ಆದ ದಿನ ಜಲಪಾತದ ಪಕ್ಕ ಇರುವುದಕ್ಕೆ ಬೆಲೆ ಉಳಿಯಲಿಲ್ಲ. 1903ರ ತಂತಿ ಅರ್ಧ ಮಾಡಿದ್ದನ್ನು 1963ರ ನಂತರದ ದರಪಟ್ಟಿ ಪೂರ್ತಿ ಮಾಡಿತು. ಇನ್ನೊಂದೂ ಆಯಿತು. ಹೊಸ ಕಾರ್ಖಾನೆಗಳನ್ನು ಹುಡುಕಿ ತಂದು ಇದೇ ಊರಲ್ಲಿ ಕೂರಿಸುವ ಸ್ವಾರ್ಥ ಇದ್ದ ಒಬ್ಬ ಯಜಮಾನ ಇಲ್ಲವಾದ. ಹೈಡ್ರೊ-ಕ್ವಿಬೆಕ್‌ಗೆ ಇಡೀ ಪ್ರಾಂತ್ಯ ಒಂದೇ.

ರಾಷ್ಟ್ರೀಕರಣವೇ ಊರನ್ನು ಕೊಂದಿತು ಅಂತ ನಾನು ಹೇಳುತ್ತಿಲ್ಲ. ಖಾಸಗಿ ಕಂಪನಿ ಉಳಿದಿದ್ದರೂ ಕಾರ್ಬೈಡ್ ಹೋಗುತ್ತಿತ್ತು. ಆದರೆ ಒಂದು ಊರಿನ ಕಸುಬು ಬೇರೆಯವರು ಬರೆಯುವ ದರಪಟ್ಟಿಯ ಮೇಲೆ ನಿಂತಿದ್ದರೆ, ಆ ಪಟ್ಟಿ ಎಷ್ಟೇ ನ್ಯಾಯವಾಗಿ ಬದಲಾದರೂ ಊರಿಗೆ ಪೆಟ್ಟು ಬೀಳಬಹುದು ಅನ್ನೋದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಸಿಗೋದು ಕಷ್ಟ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಯುವಕರು ಮಾಂಟ್ರಿಯಲ್ ಕಡೆ ಹೋದರು. ಇಂಗ್ಲಿಷ್ ಕುಟುಂಬಗಳು ಬಹುಪಾಲು ಖಾಲಿಯಾದವು. 1985ರಲ್ಲಿ ವಬಾಸೊ ಮುಚ್ಚಿತು. ಅಲ್ಲಿ ಹೆಂಗಸರ ಕೆಲಸ ಬಹಳ ಇತ್ತು, ಹಾಗಾಗಿ ಮನೆಯ ಎರಡನೇ ಸಂಬಳ ಮೊದಲು ನಿಂತಿತು. 2001ಕ್ಕೆ ಹಳೇ ಶಾವಿನಿಗನ್‌ನ ಜನಸಂಖ್ಯೆ 18 ಸಾವಿರಕ್ಕಿಂತ ಕೆಳಗಿಳಿದಿತ್ತು. ಹೆಚ್ಚುಕಡಿಮೆ ಅರ್ಧ.

ಏನೇನು ಮಾಡಿ ನೋಡಿದರು

ಮೊದಲ ದೊಡ್ಡ ಪ್ರಯತ್ನ ಪ್ರವಾಸೋದ್ಯಮ. 1997ರಲ್ಲಿ ವಿದ್ಯುತ್ತಿನ ಇತಿಹಾಸವನ್ನೇ ತೋರಿಸುವ ಒಂದು ಕೇಂದ್ರ ತೆರೆದರು. ಹಳೆಯ ವಿದ್ಯುತ್ ಗೋಪುರವೊಂದನ್ನು ತಂದು ನಿಲ್ಲಿಸಿ, 115 ಮೀಟರ್ ಎತ್ತರದಿಂದ ಊರು ನೋಡುವ ಹಾಗೆ ಮಾಡಿದರು. ಹಳೇ ಅಲ್ಯೂಮಿನಿಯಂ ಶೆಡ್ಡು ಪ್ರದರ್ಶನಾಲಯವಾಯಿತು. 2003ರಲ್ಲಿ ಕೆನಡಾದ ರಾಷ್ಟ್ರೀಯ ಕಲಾ ಗ್ಯಾಲರಿ ಅಲ್ಲಿ ದೊಡ್ಡ ಶಿಲ್ಪಪ್ರದರ್ಶನ ಇಟ್ಟಿತು. ಇದು ಸೋತ ಪ್ರಯತ್ನ ಅಲ್ಲ. ಜನ ಬಂದರು, ಈಗಲೂ ಬರುತ್ತಾರೆ. ವಸಂತದಲ್ಲಿ ಹಿಮ ಕರಗಿ ನೀರು ಹೆಚ್ಚಾದಾಗ ಜಲಪಾತ ಭೋರ್ಗರೆಯುತ್ತದೆ, ಉಳಿದ ದಿನ ನೀರು ಹೆಚ್ಚಾಗಿ ಟರ್ಬೈನಿಗೇ ಹೋಗುತ್ತದೆ. ಆದರೆ ಬೇಸಿಗೆಯ ಗೈಡ್ ಕೆಲಸಕ್ಕೂ ಗಿರಣಿಯ ಸಂಬಳಕ್ಕೂ ಹೋಲಿಕೆಯೇ ಇಲ್ಲ. ಮೂರು ತಲೆಮಾರು ಗಿರಣಿ ಸಂಬಳದಲ್ಲಿ ಮನೆ ಕಟ್ಟಿದ ಊರಿಗೆ ಟಿಕೆಟ್ ಮಾರಿ ಬದುಕು ಅಂದರೆ ಅದು ಉತ್ತರ ಆಗಲ್ಲ.

ಎರಡನೆಯದು ವಿಲೀನ. ಕ್ವಿಬೆಕ್ ಸರಕಾರದ ನೀತಿಯಂತೆ 2002ರ ಜನವರಿ 1ರಂದು ಏಳು ಸ್ಥಳೀಯ ಸಂಸ್ಥೆಗಳು ಸೇರಿ ಹೊಸ ಶಾವಿನಿಗನ್ ಆಯಿತು. ಕಾಗದದ ಪಟ್ಟಣ ಗ್ರಾಂ-ಮೇರ್ ಕೂಡ ಒಳಗೆ ಬಂತು. ಆ ಊರಿಗೊಂದು ಹಟಮಾರಿ ಸ್ವಾಭಿಮಾನ ಇದೆ. ಅಜ್ಜಿಯ ಮುಖದಂತೆ ಕಾಣುವ ತಮ್ಮ ಬಂಡೆ ಅಣೆಕಟ್ಟಿಗಾಗಿ ಹಾಳಾಗಬಾರದು ಅಂತ 1916ರಲ್ಲಿ ಅದನ್ನು ನದಿಯಿಂದ ತೆಗೆದು ಪಾರ್ಕಿನಲ್ಲಿ ಇಟ್ಟುಕೊಂಡ ಜನ ಅವರು. ಹೊಸ ಹೆಸರಿನ ಕೆಳಗೆ ಅವರನ್ನು ತರುವುದು ಸುಲಭ ಆಗಲಿಲ್ಲ. ವಿಲೀನದಿಂದ ಜನಸಂಖ್ಯೆ 50 ಸಾವಿರಕ್ಕೆ ಏರಿತು, ಆದರೆ ಅದು ಕಾಗದದ ಮೇಲಿನ ಏರಿಕೆ. ನಿಜವಾದ ಲಾಭ ಬೇರೆ. ಒಂದೇ ಹೂಡಿಕೆಗೆ ಏಳು ಊರುಗಳು ತಮ್ಮ ತಮ್ಮಲ್ಲೇ ಪೈಪೋಟಿ ಮಾಡುವುದು ನಿಂತಿತು.

ಆಮೇಲೆ ಬಂದ ಏಟು ಹಿಂದಿನದಕ್ಕಿಂತ ಜೋರು. 2008ರಲ್ಲಿ ಬೆಲ್ಗೊ ಕಾಗದದ ಗಿರಣಿ ಮುಚ್ಚಿತು. 2013ರಲ್ಲಿ ಅಲ್ಯೂಮಿನಿಯಂ ಕಾರ್ಖಾನೆ. 2014ರಲ್ಲಿ ಗ್ರಾಂ-ಮೇರ್‌ನ ಲಾರೆಂಟೈಡ್ ಗಿರಣಿ. ಊರು ಹುಟ್ಟಿದ್ದೇ ಯಾವುದರಿಂದಲೋ ಅವೆಲ್ಲ ಏಳು ವರ್ಷದಲ್ಲಿ ಮುಗಿದವು.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತಿ ಮುಖ್ಯ ತೀರ್ಮಾನ ಈ ಹೊತ್ತಿನದು. ಇನ್ನೊಬ್ಬ ದೊಡ್ಡ ಯಜಮಾನನಿಗಾಗಿ ಕಾಯುತ್ತಾ ಕೂರುವುದಿಲ್ಲ ಅಂತ ನಗರಸಭೆ ನಿಶ್ಚಯಿಸಿತು. ಸಣ್ಣ ಉದ್ಯಮಗಳನ್ನು ಊರವರೇ ಶುರು ಮಾಡಲಿ ಅಂದಿತು. ಮುಚ್ಚಿದ ವಬಾಸೊ ಕಟ್ಟಡದಲ್ಲಿ ಶಿಕ್ಷಣ ಮಂಡಳಿಯ ಜೊತೆ ಸೇರಿ ಉದ್ಯಮಶೀಲತೆಯ ಕೇಂದ್ರ ಮಾಡಿದರು. ಅದೇ ಕಟ್ಟಡದಲ್ಲಿ ಡಿಜಿಟಲ್ ಕಂಪನಿಗಳಿಗಾಗಿ ಇನ್ನೊಂದು ಕೇಂದ್ರ ಬಂತು. ಹೊಸದಾಗಿ ಶುರು ಮಾಡುವವನಿಗೆ ಕಡಿಮೆ ಬಾಡಿಗೆಯ ಜಾಗ, ಪಕ್ಕದಲ್ಲೇ ತರಬೇತಿ, ತಲೆ ಕೆಟ್ಟಾಗ ಕೇಳಲು ಒಬ್ಬ ಅನುಭವಿ.

ಇದು ಕೇಳಲು ಸಪ್ಪೆ. ಇಂಥ ಮಾತನ್ನು ಜಗತ್ತಿನ ಎಲ್ಲ ಸೊರಗಿದ ಊರುಗಳೂ ಆಡುತ್ತವೆ. ಇಲ್ಲಿ ವ್ಯತ್ಯಾಸ ಏನೆಂದರೆ ಗುರಿ ಉದ್ಯೋಗದ ಸಂಖ್ಯೆಗಿಂತ ಮೊದಲು ಅಭ್ಯಾಸ ಬದಲಿಸುವುದಾಗಿತ್ತು. ನೂರು ವರ್ಷ ಬೇರೆಯವರ ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿದ ಊರಲ್ಲಿ ಸ್ವಂತ ಅಂಗಡಿ ಇಡುವ ರೂಢಿ ಕಮ್ಮಿ. ಅಪ್ಪ ಗಿರಣಿ, ಮಗ ಗಿರಣಿ, ಮೊಮ್ಮಗನಿಗೂ ಅಲ್ಲೇ ಜಾಗ. ಬ್ಯಾಂಕಿಗೆ ಹೋಗಿ ಸಾಲ ಕೇಳುವುದು ಮನೆ ಕಟ್ಟಲು ಮಾತ್ರ. ಇದನ್ನು ಸೋಮಾರಿತನ ಅಂತ ಬಯ್ಯುವುದು ಸುಲಭ. ಆದರೆ ಒಳ್ಳೆ ಸಂಬಳದ ಯೂನಿಯನ್ ಕೆಲಸ ಇರುವಾಗ ಬೇರೆ ದಾರಿ ಹುಡುಕದಿದ್ದದ್ದು ಶುದ್ಧ ವ್ಯವಹಾರ ಜ್ಞಾನ.

ಅಭ್ಯಾಸ ಬದಲಾಗಬಹುದು ಅನ್ನೋದಕ್ಕೆ ಊರಲ್ಲೇ ಒಂದು ಸಾಕ್ಷಿ ಆಗಲೇ ಇತ್ತು. 2005ರ ಸುಮಾರಿಗೆ ಕೆಲವು ಗೆಳೆಯರು ಜಲಪಾತದ ಒಂದು ಸುಳಿಗುಂಡಿಯ ಹೆಸರಿಟ್ಟು ಬಿಯರ್ ತಯಾರಿಕೆ ಶುರು ಮಾಡಿದರು. ಕ್ರೆಟಿಯನ್ ಪ್ರಧಾನಿಯಾಗಿದ್ದಾಗ 1996ರಲ್ಲಿ ಒಬ್ಬ ಪ್ರತಿಭಟನಾಕಾರನ ಕುತ್ತಿಗೆ ಹಿಡಿದ ಪ್ರಸಂಗವನ್ನೇ ಒಂದು ಬಿಯರಿನ ಹೆಸರಾಗಿಸಿ ನಗಿಸಿದರು. ಹೆಸರು ದೂರದವರೆಗೂ ಹೋಯಿತು. 2017ರಲ್ಲಿ ದೊಡ್ಡ ಕಂಪನಿಯೊಂದು ಅದನ್ನು ಕೊಂಡಿತು. ಗೆಲುವೋ ಸೋಲೋ? ನನಗಂತೂ ಎರಡೂ ಅನ್ನಿಸುತ್ತದೆ. ಊರವರು ಕಟ್ಟಿದ್ದಕ್ಕೆ ಬೆಲೆ ಬಂತು, ಜೊತೆಗೆ ಯಜಮಾನಿಕೆ ಮತ್ತೆ ಹೊರಗೆ ಹೋಯಿತು.

ಏನಾಯಿತು

2011ರಿಂದ 2021ರವರೆಗಿನ ಮೂರು ಜನಗಣತಿಗಳಲ್ಲಿ ಊರಿನ ಜನಸಂಖ್ಯೆ 50 ಸಾವಿರದ ಆಸುಪಾಸಿನಲ್ಲೇ ನಿಂತಿದೆ. ದೊಡ್ಡ ಕಾರ್ಖಾನೆಗಳು ಮುಚ್ಚಿದ ಅವಧಿಯಲ್ಲಿ ಹೆಚ್ಚು ಇಳಿಯದೇ ಇರುವುದೇ ದೊಡ್ಡದು. ಆದರೆ ಕ್ವಿಬೆಕ್‌ನ ಸರಾಸರಿಗಿಂತ ಇಲ್ಲಿ ವಯಸ್ಸಾದವರು ಜಾಸ್ತಿ, ಆದಾಯ ಕಮ್ಮಿ. ಸಣ್ಣ ಉದ್ಯಮಗಳು ಗಿರಣಿಯ ಜಾಗ ತುಂಬಿಲ್ಲ, ತುಂಬುವುದೂ ಇಲ್ಲ. ಅವು ಮಾಡಿದ್ದು ಇಷ್ಟೇ: ಒಂದು ಮುಚ್ಚಿದರೆ ಊರೇ ಅಲ್ಲಾಡುವ ಸ್ಥಿತಿಯನ್ನು ತಗ್ಗಿಸಿದವು.

ಹೀಗಿದ್ದೂ ದೊಡ್ಡ ಯಜಮಾನನ ಆಸೆ ಪೂರ್ತಿ ಹೋಗಿಲ್ಲ. ವಿದ್ಯುತ್ ಕಾರುಗಳ ಬ್ಯಾಟರಿಗೆ ಬೇಕಾದ ಲಿಥಿಯಂ ಸಂಸ್ಕರಿಸುವ ಕಂಪನಿಯೊಂದು ಊರಿಗೆ ಬಂತು, ಪ್ರಾಯೋಗಿಕ ಘಟಕವನ್ನೂ ನಡೆಸಿತು. ಊರು ಬಹಳ ನಿರೀಕ್ಷೆ ಇಟ್ಟುಕೊಂಡಿತ್ತು. 2019ರ ಡಿಸೆಂಬರಿನಲ್ಲಿ ಕಂಪನಿ ಸಾಲಗಾರರಿಂದ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. ಹೊಸ ಮಾಲೀಕರು ಬಂದ ಮೇಲೆ ದೊಡ್ಡ ಕಾರ್ಖಾನೆಗೆ ಆರಿಸಿಕೊಂಡದ್ದು ಬೆಕಾಂಕೂರ್ ಅನ್ನು. ಅಲ್ಲಿ ಸೇಂಟ್ ಲಾರೆನ್ಸ್ ಮೇಲೆ ದೊಡ್ಡ ಹಡಗು ನಿಲ್ಲುವ ಬಂದರಿದೆ. ಕರೆಂಟು ಎರಡೂ ಕಡೆ ಒಂದೇ ದರಕ್ಕೆ ಸಿಗುವಾಗ ಬಂದರು ಗೆಲ್ಲುತ್ತದೆ.

ಇಂಥ ಬೇರೆ ಊರುಗಳ ಜೊತೆ ಕೆಲಸ ಮಾಡುವವರು ಈ ಪ್ರಕರಣದಿಂದ ಒಂದು ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ನಮ್ಮಲ್ಲಿ ಏನಿದೆ ಅಂತ ಪಟ್ಟಿ ಮಾಡುವುದು ಎಲ್ಲರಿಗೂ ಬರುತ್ತದೆ. ನದಿ ಇದೆ, ಕಾಡು ಇದೆ, ಜನ ಇದ್ದಾರೆ. ಅದನ್ನು ಇಲ್ಲಿಂದ ಎತ್ತಿ ಬೇರೆಡೆ ಒಯ್ಯಲು ಎಷ್ಟು ಖರ್ಚು, ಆ ಖರ್ಚು ಇಳಿದರೆ ನಮ್ಮ ಕೈಲಿ ಏನು ಉಳಿಯುತ್ತದೆ ಅಂತ ಕೇಳುವವರು ಕಮ್ಮಿ. ಶಾವಿನಿಗನ್ 1903ರಲ್ಲಿ ಇದನ್ನು ಕೇಳಿದ್ದರೆ ತಂತಿಯನ್ನು ತಡೆಯಲು ಆಗುತ್ತಿರಲಿಲ್ಲ. ಆದರೆ ಪ್ರಯೋಗಾಲಯ, ಕಾಲೇಜು, ಫ್ರೆಂಚ್ ಯುವಕರಿಗೆ ತಾಂತ್ರಿಕ ಓದು, ಇವಕ್ಕೆಲ್ಲ ಕಂಪನಿಯಿಂದ ಇನ್ನಷ್ಟು ಕಸಿದುಕೊಳ್ಳಬಹುದಿತ್ತು. ಕೇಳುವ ಶಕ್ತಿ ಇದ್ದ ಅರುವತ್ತು ವರ್ಷ ಅವರ ಬಳಿ ಇತ್ತು.

ಆಮೇಲೆ ಬಂದ ಸುದ್ದಿ ಹೈಡ್ರೋಜನ್. 2023ರ ನವೆಂಬರಿನಲ್ಲಿ ಟಿಇಎಸ್ ಕೆನಡಾ ಎಂಬ ಕಂಪನಿ ಕರೆಂಟಿನಿಂದ ಹೈಡ್ರೋಜನ್ ತೆಗೆಯುವ ಸುಮಾರು 400 ಕೋಟಿ ಡಾಲರಿನ ಯೋಜನೆ ಘೋಷಿಸಿತು. ಕಾರ್ಖಾನೆ ಶಾವಿನಿಗನ್‌ನಲ್ಲಿ. ಆದರೆ ನದಿಯ ಕರೆಂಟು ಬೇಕಾದಷ್ಟು ಸಿಗುವುದಿಲ್ಲ. ಹೈಡ್ರೊ-ಕ್ವಿಬೆಕ್‌ನಿಂದ ಸಿಗುವುದು 150 ಮೆಗಾವ್ಯಾಟ್ ಮಾತ್ರ. ಉಳಿದ ಬಹುಪಾಲನ್ನು ಸುತ್ತಲಿನ ಹಳ್ಳಿಗಳ ಹೊಲಗಳಲ್ಲಿ ನೆಡುವ ಗಾಳಿಯಂತ್ರಗಳಿಂದ ತರಬೇಕು ಅನ್ನೋದು ಯೋಜನೆ. ಅಲ್ಲಿಯ ರೈತರಲ್ಲಿ ಹಲವರು ಬೇಡ ಅಂತ ನಿಂತರು. ಯಂತ್ರಗಳು ನಮ್ಮ ಹೊಲದಲ್ಲಿ, ಕಾರ್ಖಾನೆ ಪಟ್ಟಣದಲ್ಲಿ, ಯಜಮಾನ ಇನ್ನೆಲ್ಲೋ ಅನ್ನೋದು ಅವರ ತಕರಾರು.